ಸೋಲಿಗೂ ಒಂದು ಲೆಕ್ಕ ಬೇಡವೇ?

ಮ್ಯಾಚ್ ಸೋತ ತಂಡಕ್ಕೆ ಎಂದೂ ಕಾರಣಗಳ ಬರಗಾಲ ಬಂದದ್ದಿಲ್ಲ. ಅಂಪೈರ್ ಅವರ ಕಡೆಯವನು, ನೆಟ್ ಸಡಿಲವಾಗಿತ್ತು, ಬಿಸಿಲು ಕಣ್ಣಿಗೆ ಹೊಡೀತಿತ್ತು, ಚೆಂಡಿಗೆ ಗಾಳಿ ಜಾಸ್ತಿಯಾಗಿತ್ತು, ಬೆಳಿಗ್ಗೆ ತಿಂದ ವಡಾಪಾವ್ ಸರಿಯಿರಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವುದೋ ಕಾಲೇಜು ವಾಲಿಬಾಲ್ ತಂಡವನ್ನು ನೋಡಿಯೇ ಮಾಡಿರಬೇಕು. ಈ ಕಾರಣಗಳೆಲ್ಲ ಮುಗಿದ ಮೇಲೆ ಕಡೆಯದಾಗಿ ಇನ್ನೊಂದು ಕಾರಣ ಸಿಗುತ್ತದೆ. ಅದು ಒಬ್ಬ ಹುಡುಗನ ಹೆಸರು. “ಅವನಿಂದಲೇ ಸೋತದ್ದು” ಎಂದು ಒಬ್ಬ ಹೇಳುತ್ತಾನೆ, ನಾಲ್ಕು ಜನ ಹೂಂ ಎನ್ನುತ್ತಾರೆ, ಪಂಚಾಯಿತಿ ಮುಗಿಯುತ್ತದೆ. ಮರುದಿನ ಆ ಹುಡುಗ ಮೈದಾನಕ್ಕೆ ಬಂದನೋ ಇಲ್ಲವೋ ಯಾರೂ ನೋಡುವುದಿಲ್ಲ.

ನನ್ನ ಮಾತು ಇಷ್ಟೆ. ವಾಲಿಬಾಲಿನಲ್ಲಿ ಮುಂದೆ ಬರಬೇಕಾದರೆ ತೋಳಿನ ಜೊತೆಗೆ ಒಂದು ನಲವತ್ತು ಪುಟದ ನೋಟ್‌ಬುಕ್ಕೂ ಬೇಕು. ಅದರಲ್ಲಿ ಎದುರಾಳಿಯ ಆಟ ಬರೆಯಬೇಕು; ಅದಕ್ಕಿಂತ ಮೊದಲು, ಅದಕ್ಕಿಂತ ಹೆಚ್ಚಾಗಿ, ನಮ್ಮದೇ ಆಟ ಬರೆಯಬೇಕು. ಇದನ್ನು ಹೇಳೋದಕ್ಕೆ ನೀನು ಯಾವ ದೊಡ್ಡ ಆಟಗಾರನಯ್ಯಾ ಎಂದು ನೀವು ಕೇಳಬಹುದು. ದೊಡ್ಡವನಲ್ಲ. ನಮ್ಮ ಕಾಲೇಜು ತಂಡದಲ್ಲಿ ನಾನು ಹನ್ನೆರಡನೆಯವನು, ಅಂದರೆ ಬೆಂಚಿನ ಖಾಯಂ ಗಿರಾಕಿ. ಆದರೆ ಅದರಲ್ಲೂ ಒಂದು ಲಾಭ ಇದೆ. ಒಳಗೆ ಆಡುವ ಆರು ಜನಕ್ಕೆ ಚೆಂಡು ಮಾತ್ರ ಕಾಣುತ್ತದೆ. ಬೆಂಚಿನ ಮೇಲೆ ಕೂತವನಿಗೆ ಆಟ ಕಾಣುತ್ತದೆ. ಮೇಲಾಗಿ ನಾನು ಕಾಮರ್ಸ್ ಓದುವವನು. ಜಮಾ-ಖರ್ಚು ತಾಳೆಯಾಗದಿದ್ದರೆ ನಿದ್ದೆ ಬಾರದವರ ಪೈಕಿ.

ಮೊದಲು ನಮ್ಮನ್ನು ನೋಡಿಕೊಳ್ಳುವ ವಿಷಯ. ವಾಲಿಬಾಲ್ ಮೊದಲ ಬಾರಿ ಒಲಿಂಪಿಕ್ಸ್‌ಗೆ ಸೇರಿದ್ದು 1964ರಲ್ಲಿ, ಟೋಕಿಯೋದಲ್ಲಿ. ಅಲ್ಲಿ ಹೆಂಗಸರ ಚಿನ್ನದ ಪದಕ ಜಪಾನಿಗೆ ಬಂತು. ಆ ತಂಡದ ಬಹುಪಾಲು ಹುಡುಗಿಯರು ನಿಚಿಬೋ ಎಂಬ ಬಟ್ಟೆ ಗಿರಣಿಯ ತಂಡದವರು. ಅವರ ಕೋಚ್ ಹಿರೋಬುಮಿ ದೈಮತ್ಸು. 1960ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನ್ ಎರಡನೆಯ ಸ್ಥಾನಕ್ಕೆ ಬಂದಿತ್ತು, ಮೊದಲನೆಯದು ರಷ್ಯನ್ನರದು. ರಷ್ಯದ ಹುಡುಗಿಯರು ಎತ್ತರ, ಗಟ್ಟಿಮುಟ್ಟು. ಜಪಾನಿನವರು ಏನು ಮಾಡಿಯೂ ಅಷ್ಟೆತ್ತರ ಬೆಳೆಯುವ ಹಾಗಿರಲಿಲ್ಲ. ದೈಮತ್ಸು ಎತ್ತರಕ್ಕಾಗಿ ಅಳುತ್ತ ಕೂರಲಿಲ್ಲ. ನಮ್ಮವರು ಗಿಡ್ಡ, ಆದರೆ ನೆಲಕ್ಕೆ ಹತ್ತಿರ ಎಂದು ಲೆಕ್ಕ ಹಾಕಿದ. ಚೆಂಡಿಗೆ ಹಾರಿ, ಎತ್ತಿ, ಹಾಗೇ ನೆಲದ ಮೇಲೆ ಉರುಳಿ, ಮರುಕ್ಷಣ ಎದ್ದು ನಿಲ್ಲುವ ಒಂದು ವರಸೆ ಕಲಿಸಿದ. 1962ರಲ್ಲಿ ಮಾಸ್ಕೋದಲ್ಲೇ ರಷ್ಯನ್ನರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು, 1964ರಲ್ಲಿ ಮತ್ತೆ ಸೋಲಿಸಿ ಚಿನ್ನ ಗೆದ್ದರು. ಅವನ ಕಲಿಸುವ ರೀತಿ ತುಂಬ ಕಠಿಣ, ಅದನ್ನು ನಾನು ಹೊಗಳೋದಿಲ್ಲ. ಆದರೆ ಅವನ ಮೊದಲನೆಯ ಹೆಜ್ಜೆ ನೋಡಿ: ತನ್ನ ತಂಡದ ಕೊರತೆಯನ್ನು ಮುಚ್ಚಿಡದೆ ಪುಸ್ತಕದಲ್ಲಿ ತೋರಿಸಿದ, ಆಮೇಲೆ ಅದೇ ಕೊರತೆಯಿಂದ ಒಂದು ಆಸ್ತಿ ಮಾಡಿಕೊಂಡ.

ನಮ್ಮ ಮಟ್ಟಕ್ಕೆ ಇಳಿಯೋಣ. ನಾವು ಏನು ಬರೆಯಬೇಕು? ಹೆಚ್ಚೇನಿಲ್ಲ. ಒಂದು ಕಾಲದಲ್ಲಿ ಸರ್ವಿಸ್ ಕೈಲಿದ್ದವರಿಗೆ ಮಾತ್ರ ಪಾಯಿಂಟ್ ಬರುತ್ತಿತ್ತು. 1999ರಿಂದ ನಿಯಮ ಬದಲಾಗಿ ಪ್ರತಿ ರ‍್ಯಾಲಿಗೂ ಒಂದು ಪಾಯಿಂಟ್, 25ಕ್ಕೆ ಸೆಟ್. ಅಂದರೆ ಈಗ ನಮ್ಮ ಪ್ರತಿಯೊಂದು ತಪ್ಪೂ ನೇರವಾಗಿ ಎದುರಾಳಿಯ ಖಾತೆಗೆ ಜಮಾ. ಹೀಗಿರುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಅವರ 25 ಪಾಯಿಂಟಿನಲ್ಲಿ ಅವರು ದುಡಿದದ್ದು ಎಷ್ಟು, ನಾವು ದಾನ ಮಾಡಿದ್ದು ಎಷ್ಟು? ನೆಟ್ಟಿಗೆ ಹೋದ ಸರ್ವಿಸ್, ಗೆರೆಯ ಆಚೆ ಬಿದ್ದ ಸ್ಮ್ಯಾಶ್, ನೆಟ್ ಮುಟ್ಟಿದ್ದು, ಇಬ್ಬರ ನಡುವೆ “ನಿಂದು, ನಿಂದು” ಎನ್ನುತ್ತ ಬಿಟ್ಟ ಚೆಂಡು. ಒಂದೊಂದು ಗೀಟು ಎಳೆಯುತ್ತ ಹೋಗಿ. ಸೆಟ್ ಮುಗಿಯುವ ಹೊತ್ತಿಗೆ ಎಂಥ ಧರ್ಮಾತ್ಮರು ನಾವು ಎಂದು ನಮಗೇ ಆಶ್ಚರ್ಯವಾಗುತ್ತದೆ.

ಎರಡನೆಯದು ಸ್ಮ್ಯಾಶ್. ನಮ್ಮಲ್ಲಿ ಎಲ್ಲರಿಗೂ ಪ್ರೀತಿ ಇದರ ಮೇಲೆ. ಒಬ್ಬ ಹುಡುಗ ಒಂದು ಮ್ಯಾಚಿನಲ್ಲಿ 20 ಸಲ ಹೊಡೆದ ಎಂದಿಟ್ಟುಕೊಳ್ಳಿ. 9 ಪಾಯಿಂಟ್ ಬಂತು. 7 ಸಲ ಹೊರಗೋ ನೆಟ್ಟಿಗೋ ಹೋಯಿತು, ಇಲ್ಲಾ ಬ್ಲಾಕ್ ಆಯಿತು. ಉಳಿದ 4 ಸಲ ಆಟ ಮುಂದುವರಿಯಿತು. ಇನ್ನೊಬ್ಬ ಹೊಡೆದದ್ದು 12 ಸಲ. 5 ಪಾಯಿಂಟ್, 1 ತಪ್ಪು. ಚಪ್ಪಾಳೆ ಯಾರಿಗೆ? ಮೊದಲನೆಯವನಿಗೆ. ಅವನ ಹೊಡೆತದ ಶಬ್ದ ಕ್ಯಾಂಟೀನಿನವರೆಗೆ ಕೇಳಿಸುತ್ತದೆ. ಆದರೆ ಗಳಿಸಿದ್ದರಲ್ಲಿ ಕಳೆದದ್ದನ್ನು ಕಳೆದರೆ ಅವನ ನಿವ್ವಳ 2, ಎರಡನೆಯವನದು 4. ವಹಿವಾಟು ದೊಡ್ಡದಿದ್ದ ಮಾತ್ರಕ್ಕೆ ಅಂಗಡಿ ಲಾಭದಲ್ಲಿದೆ ಎಂದು ಅರ್ಥವಲ್ಲ ಅನ್ನೋದು ಕಾಮರ್ಸಿನ ಮೊದಲ ವರ್ಷದಲ್ಲೇ ಗೊತ್ತಾಗುತ್ತದೆ.

ಮೂರನೆಯದು, ಸರ್ವಿಸ್ ತೆಗೆದುಕೊಳ್ಳುವುದು. ಇದಕ್ಕೆ ಕೋಚ್‌ಗಳು ಬಳಸುವ ಸುಲಭದ ಅಳತೆ ಇದೆ. ಮೊದಲ ಪಾಸ್ ನೇರ ಲಿಫ್ಟರ್ ಕೈಗೆ ಹೋಗಿ ಅವನು ಯಾರಿಗೆ ಬೇಕಾದರೂ ಚೆಂಡು ಎತ್ತಿ ಕೊಡುವ ಹಾಗಿದ್ದರೆ 3. ಅವನು ಸ್ವಲ್ಪ ಓಡಬೇಕಾಗಿ ಬಂದು ಆಯ್ಕೆ ಕಡಿಮೆಯಾದರೆ 2. ಹೇಗೋ ಎತ್ತಿ ಮೂಲೆಗೆ ತೂರುವುದೊಂದೇ ದಾರಿ ಉಳಿದರೆ 1. ಚೆಂಡು ಹೋಯಿತೇ, ಸೊನ್ನೆ. ಒಬ್ಬನಿಗೆ 10 ಸರ್ವಿಸ್ ಬಂದು, 3 ಸಲ ಮೂರು, 4 ಸಲ ಎರಡು, 2 ಸಲ ಒಂದು, ಒಂದು ಸಲ ಸೊನ್ನೆ ಬಂದರೆ ಒಟ್ಟು 19; ಸರಾಸರಿ 1.9. ಇಷ್ಟು ಲೆಕ್ಕಕ್ಕೆ ಯಾವ ಇಂಗ್ಲಿಷ್ ಪುಸ್ತಕವೂ ಬೇಡ, ನಾಲ್ಕನೇ ಕ್ಲಾಸಿನ ಕನ್ನಡ ಶಾಲೆಯ ಗಣಿತ ಸಾಕು.

ನಾಲ್ಕನೆಯದು ತಿರುಗುವ ಕ್ರಮ. ಆರು ಜನ ಆರು ಮನೆಗಳಲ್ಲಿ ಸುತ್ತುತ್ತಾರೆ, ಆದ್ದರಿಂದ ಒಂದೇ ತಂಡದೊಳಗೆ ನಿಜವಾಗಿ ಆರು ತಂಡಗಳಿರುತ್ತವೆ. ಲಿಫ್ಟರ್ ಹಿಂದಿನ ಸಾಲಿನಲ್ಲಿದ್ದಾಗ ಮುಂದೆ ಮೂವರು ಹೊಡೆಯುವವರು. ಅವನೇ ಮುಂದಿನ ಸಾಲಿಗೆ ಬಂದಾಗ ಇಬ್ಬರೇ. ಪ್ರತಿ ಪಾಯಿಂಟಿಗೂ ಆಗ ನಾವು ಯಾವ ಮನೆಯಲ್ಲಿದ್ದೆವು ಎಂದು ಬರೆದಿಟ್ಟರೆ, ಸೋಲು ಆರೂ ಕಡೆ ಸಮವಾಗಿ ಹಂಚಿಕೊಂಡಿರುವುದು ಅಪರೂಪ ಅಂತ ಗೊತ್ತಾಗುತ್ತದೆ. ಸಾಮಾನ್ಯವಾಗಿ ಒಂದೋ ಎರಡೋ ಮನೆಗಳಲ್ಲಿ ಸೋರಿಕೆ. ಆಗ ಪೂರ್ತಿ ಮಾಡು ಕಿತ್ತು ಹಾಕಬೇಕಾಗಿಲ್ಲ. ಆ ಒಂದು ಹಂಚು ಬದಲಾಯಿಸಿದರೆ ಸಾಕು. ಸೆಟ್ ಶುರು ಮಾಡುವ ಮನೆಯನ್ನು ಬದಲಿಸಬಹುದು, ಅಭ್ಯಾಸದಲ್ಲಿ ಆ ಮನೆಯನ್ನೇ ಇಪ್ಪತ್ತು ಸಲ ಆಡಬಹುದು.

ಈಗ ಆ ಹುಡುಗನ ವಿಷಯಕ್ಕೆ ಬರುತ್ತೇನೆ, ಸೋಲಿಗೆ ಯಾರ ಹೆಸರನ್ನು ಕಟ್ಟುತ್ತೇವೋ ಅವನ ವಿಷಯಕ್ಕೆ. ನಮ್ಮಲ್ಲಿ ಹೆಚ್ಚು ಸಲ ಅವನು ಲಿಫ್ಟರ್ ಆಗಿರುತ್ತಾನೆ. ಸ್ಮ್ಯಾಶ್ ಹೊಡೆಯುವವನು ಹೊರಗೆ ಹೊಡೆದು, ತಿರುಗಿ ಲಿಫ್ಟರನ್ನು ದುರುಗುಟ್ಟಿ ನೋಡುತ್ತಾನೆ. ನೋಡುವವರಿಗೂ ಅದೇ ಸತ್ಯ ಎನಿಸುತ್ತದೆ. ಆದರೆ ಲಿಫ್ಟರ್‌ಗೆ ಬಂದ ಪಾಸ್ ಎಂಥದ್ದು? ಒಂದು ಬಂದರೆ ಮೂರು ಮಾಡಲು ಅವನೇನು ಮಂತ್ರವಾದಿಯೇ? ಪುಸ್ತಕ ಇದ್ದರೆ ತೋರಿಸಬಹುದಿತ್ತು: ತಪ್ಪು ಇಲ್ಲಿಲ್ಲ, ಇದರ ಹಿಂದಿನ ಸಾಲಿನಲ್ಲಿದೆ. ಪುಸ್ತಕ ಇಲ್ಲದಿದ್ದಾಗ ಗೆಲ್ಲುವುದು ಗಟ್ಟಿ ಗಂಟಲು. ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನಮ್ಮ ಈ ಊರಿನ ಕಾಲೇಜುಗಳಲ್ಲಿ ತಂಡದ ಮೀಟಿಂಗ್ ನಡೆಯುವುದು ಇಂಗ್ಲಿಷಿನಲ್ಲಿ, ಜಗಳ ಹಿಂದಿಯಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗನಿಗೆ ಎರಡರಲ್ಲೂ ಉತ್ತರ ತಕ್ಷಣ ಹೊಳೆಯುವುದಿಲ್ಲ. ಹೊಳೆಯುವ ಹೊತ್ತಿಗೆ ಅವನು ಲೋಕಲಿನಲ್ಲಿ ಕುರ್ಲಾ ದಾಟಿರುತ್ತಾನೆ. ಅಂಥವನ ಪರವಾಗಿ ಮಾತಾಡುವುದು ಅಂಕಿ. ಅಂಕಿಗೆ ಯಾವ ಮಾಧ್ಯಮವೂ ಇಲ್ಲ. ಲೆಕ್ಕ ಬರೆಯುವುದು ಬರೇ ಗೆಲ್ಲುವ ಉಪಾಯವಲ್ಲ, ಅದೊಂದು ನ್ಯಾಯ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಎದುರಾಳಿ. ಅವರ ಆಟವನ್ನು ಓದುವುದೆಂದರೆ ಗೂಢಚಾರಿಕೆ ಏನೂ ಅಲ್ಲ. ನಮ್ಮ ಮ್ಯಾಚಿಗೆ ಮೊದಲು ಅವರದೊಂದು ಮ್ಯಾಚ್ ಇರುತ್ತದೆ. ಆ ಹೊತ್ತಿಗೆ ನಮ್ಮವರು ಎಲ್ಲಿರುತ್ತಾರೆ? ಕಬ್ಬಿನ ಹಾಲಿನ ಅಂಗಡಿ ಹತ್ತಿರ. ಅಲ್ಲೇ ಗೆರೆಯ ಪಕ್ಕ ಕೂತು ಕಣ್ಣು ಬಿಟ್ಟರೆ ಬೇಕಾದಷ್ಟು ಸಿಗುತ್ತದೆ. ಅವರ ಲಿಫ್ಟರ್ ಪಾಸ್ ಕೆಟ್ಟಾಗ ಯಾರಿಗೆ ಕೊಡುತ್ತಾನೆ? ಹೆಚ್ಚಿನವರು ನಾಲ್ಕನೇ ಜಾಗಕ್ಕೆ, ಅಂದರೆ ಎಡ ಮುಂದಿನ ಮೂಲೆಗೆ, ಎತ್ತರವಾಗಿ ಎತ್ತುತ್ತಾರೆ. ಇದು ಗೊತ್ತಿದ್ದರೆ ನಮ್ಮ ಬ್ಲಾಕ್ ಅರ್ಧ ಹೆಜ್ಜೆ ಮೊದಲೇ ಅಲ್ಲಿರುತ್ತದೆ. ಅವನು ತಲೆಯ ಹಿಂದಕ್ಕೆ ಚೆಂಡು ಕೊಡುವ ಮುಂಚೆ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತಾನೆಯೇ? ಇಪ್ಪತ್ತು ಪಾಯಿಂಟ್ ದಾಟಿದ ಮೇಲೆ, ಎದೆ ಹೊಡೆದುಕೊಳ್ಳುವ ಹೊತ್ತಿನಲ್ಲಿ, ಯಾರನ್ನು ನಂಬುತ್ತಾನೆ? ಹೊಡೆಯುವವನು ಓಡಿ ಬರುವ ದಿಕ್ಕಿಗೇ ಹೊಡೆಯುತ್ತಾನೋ, ಕೊನೆಗಳಿಗೆಯಲ್ಲಿ ಭುಜ ತಿರುಗಿಸುತ್ತಾನೋ? ಒಂದು ಸಲ ಬ್ಲಾಕ್ ಆದ ಮೇಲೆ ಹೆದರಿ ಡ್ರಾಪ್ ಹಾಕುತ್ತಾನೋ? ಎಡಗೈಯವರು ಯಾರಾದರೂ ಇದ್ದಾರೆಯೇ? ಸರ್ವಿಸ್ ತೆಗೆದುಕೊಳ್ಳುವಾಗ ಯಾರ ಕಾಲು ತಡವಾಗಿ ಚಲಿಸುತ್ತದೆ, ಯಾವ ಇಬ್ಬರ ನಡುವೆ ಮಾತಿಲ್ಲ? ಇಷ್ಟನ್ನು ಬರೆದುಕೊಂಡು, ಅದರಲ್ಲಿ ಮೂರೇ ಮೂರು ಮಾತು ಆರಿಸಿ ಆಡುವವರಿಗೆ ಹೇಳಬೇಕು. ಹತ್ತು ಮಾತು ಹೇಳಿದರೆ ಅವನು ಕೋರ್ಟಿನಲ್ಲಿ ಪರೀಕ್ಷೆಗೆ ಓದಿದವನ ಹಾಗೆ ನೆನಪು ಮಾಡಿಕೊಳ್ಳುತ್ತ ನಿಂತುಬಿಡುತ್ತಾನೆ.

ಒಮ್ಮೆ ಸೋತ ಎದುರಾಳಿಯ ಕೈಯಿಂದಲೇ ಪಾಠ ಕಲಿಯಬಹುದು ಎಂಬುದಕ್ಕೆ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್ ನನಗೆ ಇಷ್ಟವಾದ ಉದಾಹರಣೆ. ಗುಂಪಿನ ಪಂದ್ಯದಲ್ಲಿ ಅಮೆರಿಕ ಬ್ರೆಜಿಲ್‌ಗೆ 3-0 ಸೆಟ್‌ಗಳಿಂದ ಸೋತಿತು. ಬ್ರೆಜಿಲಿನವರು ಹಾರಿ ಹೊಡೆಯುವ ಸರ್ವಿಸ್‌ಗೆ ಆಗಲೇ ಹೆಸರಾದವರು. ಕೆಲವೇ ದಿನಗಳ ಮೇಲೆ ಫೈನಲಿನಲ್ಲಿ ಅದೇ ಎರಡು ತಂಡ. ಈ ಸಲ 3-0 ಸೆಟ್‌ಗಳಿಂದ ಗೆದ್ದದ್ದು ಅಮೆರಿಕ, 15-6, 15-6, 15-7. ಆ ದಿನಗಳಲ್ಲಿ ಯಾರ ತೋಳೂ ಇದ್ದಕ್ಕಿದ್ದಂತೆ ಬೆಳೆದಿರಲಾರದು. ಕೋಚ್ ಡಗ್ ಬೀಲ್ ಆಟವನ್ನು ಅಂಕಿಗಳಲ್ಲಿ ಅಳೆಯುವುದನ್ನು ನಂಬಿದವನು; ತನ್ನ ತಂಡದಲ್ಲಿ ಸರ್ವಿಸ್ ತೆಗೆದುಕೊಳ್ಳುವ ಕೆಲಸವನ್ನು ಎಲ್ಲರಿಗೂ ಹಂಚದೆ ಅದರಲ್ಲಿ ನುರಿತ ಇಬ್ಬರಿಗೇ ಮುಖ್ಯವಾಗಿ ಒಪ್ಪಿಸಿದ್ದ. ಯಾರು ಯಾವುದರಲ್ಲಿ ಗಟ್ಟಿ ಎಂಬ ಲೆಕ್ಕ ಇಲ್ಲದೆ ಇಂಥ ಧೈರ್ಯ ಯಾರಿಗೂ ಬಾರದು. ಇವತ್ತು ದೊಡ್ಡ ತಂಡಗಳೆಲ್ಲ ಇಟಲಿಯ ಕಂಪನಿಯೊಂದು ಮಾಡಿದ ಡೇಟಾ ವಾಲಿ ಎಂಬ ಸಾಫ್ಟ್‌ವೇರ್ ಇಟ್ಟುಕೊಂಡು, ಪ್ರತಿಯೊಂದು ಚೆಂಡನ್ನೂ ಒಂದು ಅಂಕಿ, ಒಂದು ಅಕ್ಷರ, ಒಂದು ಗುರುತಿನಲ್ಲಿ ದಾಖಲು ಮಾಡುತ್ತವೆ. ನಮ್ಮ ನೋಟ್‌ಬುಕ್ ಅದರ ಬಡ ತಮ್ಮ, ಅಷ್ಟೆ.

ಹಾಗಾದರೆ ಎದುರಾಳಿಯನ್ನು ಪೂರ್ತಿ ಓದಿದರೆ ಗೆಲುವು ಗ್ಯಾರಂಟಿಯೇ? ಅಲ್ಲ. 2012ರ ಲಂಡನ್ ಒಲಿಂಪಿಕ್ಸ್ ಫೈನಲ್ ನೋಡಿ. ಬ್ರೆಜಿಲ್ ರಷ್ಯದ ಮೇಲೆ ಎರಡು ಸೆಟ್ ಗೆದ್ದಿತ್ತು, ಮೂರನೆಯದರಲ್ಲಿ ಎರಡು ಸಲ ಮ್ಯಾಚ್ ಪಾಯಿಂಟ್‌ವರೆಗೆ ಬಂದಿತ್ತು. ಅಷ್ಟರಲ್ಲಿ ರಷ್ಯದ ಕೋಚ್ ಅಲೆಕ್ನೋ ಒಂದು ಕೆಲಸ ಮಾಡಿದ್ದ. ನಡುವೆ ನಿಂತು ಬ್ಲಾಕ್ ಮಾಡುವ 218 ಸೆಂಟಿಮೀಟರ್ ಎತ್ತರದ ಮುಸೆರ್ಸ್‌ಕಿಯನ್ನು ಬಲಬದಿಯ ಮುಖ್ಯ ಹೊಡೆತಗಾರನ ಜಾಗಕ್ಕೆ ಹಾಕಿ, ಆ ಜಾಗದ ಮಿಖಾಯ್ಲೊವ್‌ನನ್ನು ಎಡಕ್ಕೆ ಕಳಿಸಿದ. ಬ್ರೆಜಿಲಿನವರು ಓದಿಕೊಂಡು ಬಂದ ಪಾಠ ಒಂದು, ಪ್ರಶ್ನೆಪತ್ರಿಕೆ ಇನ್ನೊಂದು! ಮುಸೆರ್ಸ್‌ಕಿ ಆ ದಿನ 31 ಪಾಯಿಂಟ್ ತೆಗೆದ. ರಷ್ಯ 3-2ರಿಂದ ಚಿನ್ನ ಗೆದ್ದಿತು. ಇದರಿಂದ ಓದು ದಂಡ ಎಂದು ಯಾರಾದರೂ ತೀರ್ಮಾನಿಸಿದರೆ ನಾನು ಒಪ್ಪುವುದಿಲ್ಲ. ಎದುರಾಳಿಯ ಮೇಲೆ ಬರೆದ ಪುಟ ಯಾವ ಗಳಿಗೆಯಲ್ಲಾದರೂ ಹಳೆಯದಾಗಬಹುದು. ತನ್ನ ತಂಡದ ಮೇಲೆ ಬರೆದ ಪುಟ ಕಷ್ಟಕಾಲಕ್ಕೆ ಕೈಹಿಡಿಯುತ್ತದೆ. ತನ್ನವರಲ್ಲಿ ಯಾರು ಯಾವ ಜಾಗದಲ್ಲಿ ಏನು ಮಾಡಬಲ್ಲರು ಎಂದು ಅಲೆಕ್ನೋಗೆ ಗೊತ್ತಿದ್ದದ್ದರಿಂದಲೇ ಆ ಬದಲಾವಣೆ ಸಾಧ್ಯವಾಯಿತು. ಅದಕ್ಕೇ ನಾನು ಮೊದಲು ನಮ್ಮ ಪುಟ, ಆಮೇಲೆ ಅವರ ಪುಟ ಅನ್ನೋದು.

ಕೆಲವರು ಹೇಳುತ್ತಾರೆ, “ಎದುರಾಳಿಯ ದುರ್ಬಲ ಹುಡುಗನನ್ನೇ ಹುಡುಕಿ ಅವನಿಗೇ ಸರ್ವಿಸ್ ಹಾಕೋದು ಎಂಥ ಆಟ ಮಾರಾಯ? ಇದು ತೊಡೆಗೆ ಗದೆ ಬೀಸಿದ ಹಾಗಲ್ಲವಾ?” ಒಳ್ಳೆಯ ಪ್ರಶ್ನೆ. ನಮ್ಮ ಊರುಗಳಲ್ಲಿ ರಾತ್ರಿಯಿಡೀ ಆಟ ನೋಡಿದವರಿಗೆಲ್ಲ ಆ ಪ್ರಸಂಗ ಗೊತ್ತು, ಅದರ ಮೇಲಿನ ವಾದವೂ ಗೊತ್ತು. ಆದರೆ ಗದಾಯುದ್ಧದಲ್ಲಿ ಸೊಂಟದ ಕೆಳಗೆ ಹೊಡೆಯುವುದು ನಿಯಮಕ್ಕೆ ಹೊರತು; ವಾಲಿಬಾಲಿನಲ್ಲಿ ಅಂಕಣದ ಯಾವ ಮೂಲೆಗೆ ಸರ್ವಿಸ್ ಹಾಕಿದರೂ ನಿಯಮದ ಒಳಗೇ. ಮೇಲಾಗಿ, ಆ ಹುಡುಗನಿಗೆ ಹತ್ತು ಚೆಂಡು ಬಂದರೆ ಹತ್ತು ಸಲ ಕಲಿಯುವ ಅವಕಾಶ ಬಂದ ಹಾಗೆ. ತಪ್ಪಾಗುವುದು ಎಲ್ಲಿ ಗೊತ್ತೇ? ಅವನು ಚೆಂಡು ಬಿಟ್ಟಾಗ ನಮ್ಮವರು ನಗುವುದು, ಹೆಸರು ಹಿಡಿದು ಕೂಗುವುದು. ಅದು ಅಧ್ಯಯನವಲ್ಲ, ಕೀಳುತನ. ಅದಕ್ಕೆ ನನ್ನ ಬೆಂಬಲವಿಲ್ಲ.

ಇನ್ನು ಕೆಲವರದು ಸಮಯದ ದೂರು. ಒಬ್ಬ ಡೊಂಬಿವಲಿಯಿಂದ, ಒಬ್ಬ ಮೀರಾ ರೋಡಿನಿಂದ, ಒಬ್ಬ ಸಂಜೆ ಮಾವನ ಹೋಟೆಲಿನ ಗಲ್ಲೆಯ ಮೇಲೆ ಕೂರಬೇಕು. ಮಳೆಗಾಲದ ನಾಲ್ಕು ತಿಂಗಳು ಮೈದಾನವೇ ಕೆರೆ. ಒಣಗಿದ ಮೇಲೆ ಅದು ಕ್ರಿಕೆಟ್ಟಿನವರ ಪಾಲು. ಹೌದು, ಎಲ್ಲವೂ ನಿಜ. ಅದಕ್ಕಾಗಿಯೇ ಪುಸ್ತಕ ಬೇಕು ಎನ್ನುತ್ತೇನೆ. ವಾರಕ್ಕೆ ನಾಲ್ಕು ಗಂಟೆ ಮಾತ್ರ ಮೈದಾನ ಸಿಗುವವನು ಯಾವ ಕೆಲಸಕ್ಕೆ ಆ ನಾಲ್ಕು ಗಂಟೆ ಎಂದು ಮೊದಲೇ ತಿಳಿದಿರಬೇಡವೇ? ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ, ವಿಡಿಯೋ ತೆಗೆಯುತ್ತಾರೆ ಸಹ. ಆದರೆ ನೋಡುವುದು ತಮ್ಮದೇ ಎರಡು ಸ್ಮ್ಯಾಶ್, ಅದನ್ನೇ ಸ್ಟೇಟಸ್ಸಿಗೆ ಹಾಕುವುದು. ಅದೇ ವಿಡಿಯೋದಲ್ಲಿ ಚೆಂಡು ಬಿಟ್ಟು, ಚೆಂಡಿಲ್ಲದ ಐದು ಜನ ಏನು ಮಾಡುತ್ತಿದ್ದಾರೆಂದು ಲೋಕಲಿನಲ್ಲಿ ಒಮ್ಮೆ ನೋಡಿ. ಪುಸ್ತಕವನ್ನು ಕನ್ನಡದಲ್ಲೇ ಬರೆಯಿರಿ: ಸರ್ವಿಸ್‌ಗೆ ‘ಸ’, ಪಾಸ್‌ಗೆ ‘ಪ’, ಹೊಡೆತಕ್ಕೆ ‘ಹೊ’. ಬೇಗ ಬರೆಯಬಹುದು. ಮೇಲಾಗಿ ಪುಸ್ತಕ ಬೆಂಚಿನ ಮೇಲೆ ಮರೆತು ಬಂದರೂ ಇಲ್ಲಿ ಎದುರಾಳಿಗೆ ಒಂದಕ್ಷರ ತಿಳಿಯುವುದಿಲ್ಲ! ಪರಊರಿನಲ್ಲಿ ಕನ್ನಡ ಕಲಿತದ್ದಕ್ಕೆ ಇದೂ ಒಂದು ಲಾಭ.

ಆದರೆ ಒಂದು ಅಪಾಯ ಇದೆ, ಅದನ್ನು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ನ್ಯಾಯಕ್ಕಾಗಿ ಇಟ್ಟ ಪುಸ್ತಕವೇ ನಾಳೆ ಚಾವಟಿಯಾಗಬಹುದು. “ನಿನ್ನ ಸರಾಸರಿ ನೋಡು” ಎಂದು ನಾಲ್ಕು ಜನರೆದುರು ಒಬ್ಬನನ್ನು ಹಂಗಿಸಲು ಅಂಕಿಗಿಂತ ಹರಿತವಾದ ಕತ್ತಿ ಇಲ್ಲ. ಆದ್ದರಿಂದ ನನ್ನ ಮೂರು ಷರತ್ತು. ಒಂದು, ಪುಸ್ತಕ ಕ್ಯಾಪ್ಟನ್ ಕೈಲಿರಬಾರದು, ಆ ದಿನ ಆಡದವನ ಕೈಲಿರಬೇಕು. ತನ್ನ ಲೆಕ್ಕ ತಾನೇ ಆಡಿಟ್ ಮಾಡುವ ಪದ್ಧತಿ ಎಲ್ಲೂ ಇಲ್ಲ. ಎರಡು, ಓದುವಾಗ ಮೊದಲು ಕ್ಯಾಪ್ಟನ್‌ನ ಪುಟ, ಆಮೇಲೆ ಉಳಿದವರದು, ಎಲ್ಲರ ಎದುರಿಗೇ. ಮೂರು, ಒಂದು ಮ್ಯಾಚಿನ ಅಂಕಿ ಹಿಡಿದು ಯಾರನ್ನೂ ತಂಡದಿಂದ ತೆಗೆಯಬಾರದು. ಜ್ವರ ಬಂದವನ ಒಂದು ದಿನದ ಆಟದಿಂದ ಅವನ ವರ್ಷದ ಬೆಲೆ ಕಟ್ಟುವುದು ತಪ್ಪು. ಅಂಕಿ ಪ್ರಶ್ನೆ ಎಬ್ಬಿಸಬೇಕು, ತೀರ್ಪು ಕೊಡಬಾರದು. ಹತ್ತು ಸರ್ವಿಸ್‌ನಲ್ಲಿ ಐದು ನೆಟ್ಟಿಗೆ ಹೋದರೆ “ಯಾಕೆ?” ಎಂದು ಕೇಳುವುದಕ್ಕೆ ಪುಸ್ತಕ. ಉತ್ತರ ಭುಜದ ನೋವು ಇರಬಹುದು, ಮನೆಯ ಚಿಂತೆ ಇರಬಹುದು.

ಪದಕದ ಮಾತು ಬಂದಾಗ ನಮ್ಮ ದೇಶವನ್ನೂ ನೆನೆಯಬೇಕು. ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಗಂಡಸರ ತಂಡ 1962ರಲ್ಲಿ ಬೆಳ್ಳಿ ಗೆದ್ದಿತ್ತು. 1986ರಲ್ಲಿ ಸೋಲ್‌ನಲ್ಲಿ ಜಿಮ್ಮಿ ಜಾರ್ಜ್ ಇದ್ದ ತಂಡ ಕಂಚು ತಂದಿತು. ಅಲ್ಲಿಂದ 2023ರವರೆಗೆ ಒಂದೂ ಪದಕ ಇಲ್ಲ. ಆದರೆ ಅದೇ 2023ರಲ್ಲಿ ಹಾಂಗ್‌ಝೌನಲ್ಲಿ ನಮ್ಮವರು ದಕ್ಷಿಣ ಕೊರಿಯವನ್ನು 3-2ರಿಂದ ಸೋಲಿಸಿ, ಕಡೆಗೆ 6ನೇ ಸ್ಥಾನ ಪಡೆದರು. ಅಂದರೆ ತೋಳಿಗೆ ಕೊರತೆಯಿಲ್ಲ. ಕರಾವಳಿಯ ಹೊನಲು ಬೆಳಕಿನ ಪಂದ್ಯಾಟಗಳಿಗೆ ಹೋದವರಿಗೆ ಗೊತ್ತು, ನಮ್ಮ ಹಳ್ಳಿಯ ಹುಡುಗರು ಎಷ್ಟು ಎತ್ತರ ಹಾರುತ್ತಾರೆ ಎಂದು. ಅಲ್ಲಿ ಬೆಳಗಿನ ಜಾವದವರೆಗೆ ನೂರಾರು ಜನ ನೋಡುತ್ತಾರೆ. ಬರೆದಿಟ್ಟುಕೊಳ್ಳುವವರು ಮಾತ್ರ ನನ್ನ ಕಣ್ಣಿಗೆ ಒಬ್ಬರೂ ಬಿದ್ದಿಲ್ಲ.

ಈ ಮಾತು ವಾಲಿಬಾಲಿಗೆ ಮಾತ್ರ ಅನ್ವಯಿಸುತ್ತದೆಂದು ನಾನು ತಿಳಿದಿಲ್ಲ. ನಮ್ಮ ಸಂಘದ ನಾಟಕ ಬಿದ್ದರೂ ಪರೀಕ್ಷೆಯಲ್ಲಿ ಅಂಕ ಬಿದ್ದರೂ ನಾವು ಮೊದಲು ಹುಡುಕುವುದು ಹೊರಗಿನ ಕಾರಣವನ್ನೇ, ಆಮೇಲೆ ಒಂದು ಬಡಪಾಯಿ ಹೆಸರನ್ನೇ. ಆದರೆ ಸದ್ಯಕ್ಕೆ ವಾಲಿಬಾಲ್ ಸಾಕು. ಸಂಘ-ಸಂಸ್ಥೆಗಳ ಕ್ರೀಡೋತ್ಸವಗಳ ಕಾಲ ಬರುತ್ತಿದೆ. ಓದುವವರಲ್ಲಿ ಯಾವುದಾದರೂ ತಂಡದ ಹನ್ನೆರಡನೆಯವರಿದ್ದರೆ, ಹುಡುಗರಾಗಲಿ ಹುಡುಗಿಯರಾಗಲಿ, ಈ ಸಲ ಬೆಂಚಿಗೆ ಬರಿಗೈಯಲ್ಲಿ ಹೋಗಬೇಡಿ. ಒಂದು ನೋಟ್‌ಬುಕ್, ಒಂದು ಪೆನ್ನು. ಮೊದಲ ಪುಟದ ಮೇಲೆ ನಿಮ್ಮ ತಂಡದ ಹೆಸರು ಬರೆಯಿರಿ. ಎದುರಾಳಿಯದು ಎರಡನೇ ಪುಟದಲ್ಲಿರಲಿ.